ಎರಡು ಬೆರಳು ಗಿಡ್ಡವಾದ ಪಟ್ಟಿ

ಆ ಹಳೆಯ ಕುದುರೆ ಜೀನಿಗೆ ಡ್ರಿಲ್ ಹಾಕಿ, ಕಬ್ಬಿಣದ ಪೈಪು ತೂರಿಸಿ, ಬಾರ್ ಸ್ಟೂಲ್ ಮಾಡಿಸುತ್ತೇನೆ ಎಂದು ಅಳಿಯನ ಸ್ನೇಹಿತ ಹೇಳಿದಾಗ ನನ್ನ ಕೈಯಲ್ಲಿ ಕಾಫಿ ಲೋಟವಿತ್ತು. ಕೆಳಗಿಟ್ಟೆ. ಇಲ್ಲದಿದ್ದರೆ ಎಸೆಯುತ್ತಿದ್ದೆ.

ಅವನಿರುವುದು ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ಹತ್ತಿರದಲ್ಲೇ ಯಾರೋ ತೀರಿಕೊಂಡು, ಅವರ ಮನೆಯ ಸಾಮಾನೆಲ್ಲ ಮಾರಾಟಕ್ಕಿಟ್ಟಾಗ ಈ ಕೌಬಾಯ್ ಜೀನನ್ನು ತಂದಿದ್ದ. ವಿಕ್ಸಮ್‌ನಲ್ಲಿರುವ ನನ್ನ ಮಗಳ ಮನೆಗೆ ಅದನ್ನು ತಂದದ್ದು ಹೇಗೆ ಗೊತ್ತೇ? ಕಾರಿನ ಡಿಕ್ಕಿಯಲ್ಲಿ, ಅಂಚು ಮಡಚಿ, ಮೇಲೊಂದು ಅಕ್ಕಿ ಚೀಲ ಹೇರಿ.

"ಅಂಕಲ್, ನೀವು ಮೈಸೂರಲ್ಲಿ ಕುದುರೆ ಪೊಲೀಸ್‌ನಲ್ಲಿದ್ರಂತಲ್ಲ. ಒಂಚೂರು ಪಾಲಿಶ್ ಹೊಡ್ದು ಫಳಫಳ ಅನ್ನಿಸ್ಕೊಡಿ. ಬೇಸ್‌ಮೆಂಟಲ್ಲಿ ಇಟ್ರೆ ಗೆಸ್ಟ್‌ಗಳು ವಾವ್ ಅನ್ಬೇಕು."

"ಇದು ಕುದುರೆ ಬೆನ್ನ ಮೇಲೆ ಇಡೋದಪ್ಪ. ನಿನ್ನ ಗೆಸ್ಟ್‌ಗಳಿಗೆ ಕೂರಕ್ಕೆ ಸೋಫಾ ಇಲ್ವಾ?"

"ಸೋಫಾ ಎಲ್ಲರ ಮನೇಲೂ ಇರತ್ತೆ ಅಂಕಲ್," ಎಂದು ನಕ್ಕ.

ನಾನು ನಗಲಿಲ್ಲ. ಜೀನು ಕೋಣೆಯಲ್ಲಿ ಮೂವತ್ತು ವರ್ಷ ದುಡಿದವನು ನಾನು. ಬೆಳಿಗ್ಗೆ ಐದಕ್ಕೆ ಏಳುವುದು ಇಲ್ಲಿ ಮಗಳ ಮನೆಗೆ ಬಂದ ಮೇಲೂ ತಪ್ಪಿಲ್ಲ. ಮರುದಿನದಿಂದ ಆರರಿಂದ ಎಂಟರವರೆಗೆ ಗರಾಜಿನಲ್ಲಿ ಕೂತೆ. ಸ್ಟೂಲ್ ಮಾಡಲು ಮನಸ್ಸೇ ಬಾರದಷ್ಟು ಚೆನ್ನಾಗಿ ಇದನ್ನು ರಿಪೇರಿ ಮಾಡಿಕೊಡಬೇಕು ಎಂಬುದು ನನ್ನ ಹಟ.

ನನಗೆ ಕೆಲಸ ಕಲಿಸಿದ ಉಸ್ತಾದರ ನಿಯಮ: ಮೊದಲ ದಿನ ಚರ್ಮಕ್ಕೆ ಹಚ್ಚುವ ಎಣ್ಣೆ ಮುಟ್ಟಬಾರದು, ಬರೀ ನೋಡಬೇಕು, ಬರೆದುಕೊಳ್ಳಬೇಕು. ಹಾಗೆಯೇ ಮಾಡಿದೆ. ಜೀನಿನ ಮುಂದೆ ಹಗ್ಗ ಸುತ್ತಲೆಂದು ಎದ್ದುನಿಂತ ಕೊಂಬಿನ ಮೇಲೆ ಹಗ್ಗ ಉಜ್ಜಿದ ಗೀರುಗಳಿದ್ದವು. ದನ ಹಿಡಿಯಲು ದುಡಿದ ಜೀನು, ಶೋಕಿಯದಲ್ಲ. ಹೊಲಿಗೆ ತಿರುವುಗಳಲ್ಲಿ ಸ್ವಲ್ಪ ಅಗಲವಾಗಿತ್ತು, ಹಾಗಾಗಿ ಕೈಹೊಲಿಗೆ. ಅಡಿಯಲ್ಲಿ ನಿಜವಾದ ಕುರಿಯ ಉಣ್ಣೆ. ಕೂರುವ ಜಾಗದ ಬಳಿ ಜೀನು ಮಾಡಿದವರ ಸವೆದುಹೋದ ಮುದ್ರೆಯೊಂದಿತ್ತು. ಅದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಪಶ್ಚಿಮದ ಯಾವುದೋ ಊರಿನ ಅರ್ಧ ಹೆಸರು, ಒಂದು ನಂಬರು ಮೂಡಿದವು.

ಇನ್ನೂ ಒಂದು ಕಂಡಿತು. ಕಾಲಿಡುವ ರಿಕಾಪುಗಳನ್ನು ತೂಗುಹಾಕುವ ಎರಡು ಚರ್ಮದ ಪಟ್ಟಿಗಳಲ್ಲಿ ಬಲಗಡೆಯದು ಎರಡು ಬೆರಳು ಗಿಡ್ಡ. ಆಸನವೂ ಒಂದು ಮಗ್ಗುಲಿಗೇ ಹೆಚ್ಚು ಸವೆದಿತ್ತು. ನೋಟ್‌ಬುಕ್ಕಿನಲ್ಲಿ ಬರೆದೆ: "ಸವಾರ ಶಿಸ್ತಿಲ್ಲದವನು. ವಾಲಿಕೊಂಡು ಕೂರುತ್ತಿದ್ದ." ಕಂಡರಿಯದ ಅವನ ಮೇಲೂ ಸಿಟ್ಟು ಬಂತು. ನಮ್ಮಲ್ಲಿ ಕವಾಯತಿನ ದಿನ ಸಾಹೇಬರು ಸಾಲಿನ ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದೇ ಒಂದು ರಿಕಾಪು ಗೆರೆ ತಪ್ಪಿದರೂ ಜೀನು ಕೋಣೆಯವರಿಗೆ ಬೈಗುಳ.

ಪಟ್ಟಿಗಳೆರಡೂ ಬಿರುಕು ಬಿಟ್ಟಿದ್ದವು. ಒಂದೇ ತೊಗಲಿನಿಂದ ಹೊಸ ಜೋಡಿ ಕತ್ತರಿಸಿದೆ, ಎರಡು ಸಲ ಅಳೆದು, ಸರಿಸಮವಾಗಿ. ಹಳೆಯವಕ್ಕೆ ಚೀಟಿ ಕಟ್ಟಿ ಬಿಸ್ಕತ್ ಡಬ್ಬಿಯಲ್ಲಿಟ್ಟೆ. ಹಳೆಯದನ್ನು ಒಪ್ಪಿಸದೆ ಹೊಸದನ್ನು ಕೊಡುತ್ತಿರಲಿಲ್ಲ ನಮ್ಮಲ್ಲಿ. ಆ ಅಭ್ಯಾಸ.

ಮೂರು ವಾರ ಕಳೆಯಿತು. ಒಂದು ಶನಿವಾರ ಅಳಿಯನ ಸ್ನೇಹಿತನ ಫೋನು.

"ಅಂಕಲ್, ಜೀನು ತಮ್ಮಪ್ಪಂದು ಇರ್ಬೋದು ಅಂತ ಒಬ್ರು ಅಜ್ಜಿ ಚಿಕಾಗೋ ಕಡೆಯಿಂದ ಡ್ರೈವ್ ಮಾಡ್ಕೊಂಡ್ ಬರ್ತಿದಾರೆ. ತೀರಿಕೊಂಡೋರು ಅವರ ತಮ್ಮನಂತೆ. ಆ ತಮ್ಮನ ಮಕ್ಕಳು ಇವರನ್ನ ಕೇಳ್ದೇನೇ ಎಲ್ಲಾ ಮಾರಿದಾರೆ. ಅವರದ್ದೇ ಆದ್ರೆ ಕೊಟ್ಬಿಡ್ತೀನಿ. ಅಲ್ಲ ಅಂದ್ರೆ ಸೋಮವಾರ ಡ್ರಿಲ್."

ಅವನು ಬಂದು ಸ್ವಲ್ಪ ಹೊತ್ತಿಗೆ ಆಕೆಯೂ ಬಂದರು. ಎಂಬತ್ತರ ಹತ್ತಿರದ ಹೆಂಗಸು, ಚಿಕಾಗೋ ಹತ್ತಿರದ ವುಡ್‌ರಿಡ್ಜ್‌ನಿಂದ ಒಬ್ಬರೇ ಬಂದಿದ್ದರು. ಕೊಂಬನ್ನೂ ನೋಡಲಿಲ್ಲ, ಮುದ್ರೆಯನ್ನೂ ಕೇಳಲಿಲ್ಲ. ನೇರ ಬಲಗಡೆಗೆ ಹೋಗಿ ರಿಕಾಪು ಎತ್ತಿದರು. ಎಡಗಡೆಯದಕ್ಕೆ ಹೋಲಿಸಿದರು. ಅಲ್ಲವೆಂದು ತಲೆಯಾಡಿಸಿದರು. ತಮ್ಮ ತಂದೆಯ ಬಲಗಾಲು ಚಿಕ್ಕಂದಿನಲ್ಲೇ ಮುರಿದು ಗಿಡ್ಡವಾಗಿ ಕೂಡಿಕೊಂಡಿತ್ತು, ಬಲಗಡೆಯ ಪಟ್ಟಿ ಅದರ ಅಳತೆಗಿತ್ತು, ಸಾಲಿನಲ್ಲಿ ತೂಗುಹಾಕಿದ ಜೀನುಗಳಲ್ಲಿ ಅಪ್ಪನದು ಯಾವುದೆಂದು ತಾವು ಗುರುತಿಸುತ್ತಿದ್ದದ್ದು ಅದರಿಂದಲೇ ಎಂದರು. ಇದು ಅದಲ್ಲ. ಕೆಲಸ ಸೊಗಸಾಗಿದೆ ಎಂದು ನನ್ನನ್ನು ಹೊಗಳಿ ಕಾರಿನತ್ತ ನಡೆದರು.

"ಛೆ, ಪಾಪ. ಸರಿ ಅಂಕಲ್, ಹಂಗಾದ್ರೆ ಸೋಮವಾರ..."

"ಬಾಯ್ ಮುಚ್ಚೋ!"

ಒಳಗಿದ್ದ ಮಗಳು ಓಡಿ ಬಂದಳು. ನಾನು ಕಿರುಚಿದ್ದು ಅವನಿಗಲ್ಲ. ಮುರಿದ ಕಾಲಿನಲ್ಲಿ ಜೀವನವಿಡೀ ಕುದುರೆಯ ಮೇಲೆ ದುಡಿದವನನ್ನು ಶಿಸ್ತಿಲ್ಲದವನೆಂದು ಬರೆದಿದ್ದೆ. ಡ್ರಿಲ್ ಹಿಡಿದವನ ಮೇಲೆ ಮೂರು ವಾರ ಹಲ್ಲು ಕಡಿದೆ. ಜೀನು ಹಾಳು ಮಾಡಿದ್ದು ಅವನಲ್ಲ, ಅಳತೆಪಟ್ಟಿ ಹಿಡಿದ ನಾನು. ಏಕೆ ಗಿಡ್ಡ ಎಂದು ನನ್ನನ್ನೇ ಒಮ್ಮೆ ಕೇಳಿಕೊಳ್ಳಲಿಲ್ಲವಲ್ಲ!

ಡಬ್ಬಿ ಹಿಡಿದು ಓಡಿದೆ. ಆಕೆ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಿದ್ದರು. ಕಿಟಕಿ ತಟ್ಟಿ ಹಳೆಯ ಪಟ್ಟಿಗಳನ್ನು ಕೊಟ್ಟೆ. ಮಡಿಲಲ್ಲಿ ಎರಡನ್ನೂ ಜೋಡಿಸಿ, ಉದ್ದದ ಪಟ್ಟಿಯಲ್ಲಿ ಹೆಚ್ಚಿಗೆ ಉಳಿದ ಜಾಗಕ್ಕೆ ಎರಡು ಬೆರಳಿಟ್ಟು ನೋಡಿದರು. ಅತ್ತಾರೆಂದುಕೊಂಡೆ. ಅಳಲಿಲ್ಲ. ಇದನ್ನು ಬದಲಾಯಿಸು ಎಂದು ನಿನಗೆ ಯಾರು ಹೇಳಿದರು ಎಂದು ಗದರಿದರು.

ಯಾರೂ ಹೇಳಿರಲಿಲ್ಲ. ಹಾಗೆಯೇ ಒಪ್ಪಿಕೊಂಡೆ.

ಹಳೆಯ ಪಟ್ಟಿ ಭಾರ ತಡೆಯದು ಎಂದೆ. ಇನ್ನು ಯಾರೂ ಸವಾರಿ ಮಾಡುವುದಿಲ್ಲ, ಅದನ್ನೇ ಹಾಕು ಎಂದರು. ಗರಾಜಿನಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಕಾವಲು ಕಾಯ್ದರು. ನಾನು ನೆಲದ ಮೇಲೆ ಕೂತು ಹೊಸದನ್ನು ಬಿಚ್ಚಿ ಹಳೆಯದನ್ನು ಪೋಣಿಸಿದೆ. ಅಳಿಯನ ಸ್ನೇಹಿತ ಟಾರ್ಚ್ ಹಿಡಿದ.

"ನನ್ನ ಸ್ಟೂಲು ಹೋಯ್ತು ಅಂಕಲ್."

"ಮಣೆ ಕೊಡ್ತೀನಿ, ಅದರ ಮೇಲೆ ಕೂರ್ಸು ನಿನ್ನ ಗೆಸ್ಟ್‌ಗಳನ್ನ."

ಕೊನೆಯಲ್ಲಿ, ಕೈಗೆ ರೂಢಿಯಾದಂತೆ, ಎರಡು ರಿಕಾಪುಗಳನ್ನೂ ಹಿಡಿದು ಸಮಕ್ಕೆ ಎಳೆದೆ. ಆಕೆ ನನ್ನ ಮಣಿಕಟ್ಟಿನ ಮೇಲೆ ಪಟ್ಟನೆ ಹೊಡೆದರು.

ನಾನು ಕತ್ತರಿಸಿದ ಹೊಸ ಪಟ್ಟಿಗಳು ಈಗ ಬಿಸ್ಕತ್ ಡಬ್ಬಿಯಲ್ಲಿವೆ, ಚೀಟಿ ಸಮೇತ. ಸರಿಸಮವಾಗಿವೆ. ಕಂಡಾಗಲೆಲ್ಲ ಮೈ ಉರಿಯುತ್ತದೆ.