ಟೊಮೆಟೊ ಸಸಿಗಳ ಬಸ್ ಪ್ರಯಾಣ

ಮೊದಲ ಸಲ ಕೋಣೆಯೊಳಗೆ ಟೊಮೆಟೊ ಸಸಿ ಬೆಳೆಸಿದ್ದೆ. ನೀರು ಹೆಚ್ಚಾಗಿ ಅವು ಹಳದಿಯಾಗಿ ಬಾಗಿದವು. ಮಣ್ಣು ಆರಲೆಂದು, ಗಾಳಿ ಬೆಳಕಿರುವ ಅಕ್ಕನ ಮನೆಗೆ ಒಯ್ಯಲು ಸವದತ್ತಿಯಲ್ಲಿ ಬೈಲಹೊಂಗಲದ ಬಸ್ ಹತ್ತಿ, ಸಸಿಗಳ ಟ್ರೇಯನ್ನು ತೊಡೆಯ ಮೇಲಿಟ್ಟುಕೊಂಡೆ.

ಪಕ್ಕದ ಸೀಟಿನ ಅಜ್ಜಿ ಸಸಿಗಳನ್ನು ನೋಡಿ ತಮ್ಮ ಬಾಟಲಿಯ ಮುಚ್ಚಳ ತೆಗೆದರು. "ಪಾಪ, ಬಾಡ್ಯಾವ. ನೀರ ಹಾಕ್ರಿ."

"ನೀರ ಹೆಚ್ಚಾಗೇ ಬಾಡ್ಯಾವರಿ," ಎಂದು ಕೈ ಅಡ್ಡ ಹಿಡಿದೆ.

ಅಜ್ಜಿ ಹಿಂದೆ ತಿರುಗಿ, "ನೀರ ಕೊಟ್ರ ಒಲ್ಲೆ ಅಂತಾನ ನೋಡ್ರಿ ಈ ತಮ್ಮ," ಎಂದರು. ಹಿಂದಿನ ಸೀಟಿನಿಂದಲೂ ಎರಡು ಬಾಟಲಿ ಮುಂದೆ ಬಂದವು. ಬೈಲಹೊಂಗಲದವರೆಗೂ ನಾನು ಟ್ರೇ ಮೇಲೆ ಬಗ್ಗಿಕೊಂಡೇ ಕುಳಿತೆ.

ಅಕ್ಕನ ಮನೆಯ ಕಿಟಕಿಯಲ್ಲಿ ಕೆಲವು ದಿನಕ್ಕೆ ಮಣ್ಣು ಆರಿತು. ಅರ್ಧದಷ್ಟು ಸಸಿಗಳು ಎದ್ದು ನಿಂತವು. ನನ್ನ ಬೆನ್ನು ಮಾತ್ರ ಇನ್ನೂ ನೆಟ್ಟಗಾಗಿಲ್ಲ.