ನೆಗೆಣ್ಣಿಯ ಮನೆಯ ಹವಳ

ಶಹಾಪುರದ ನನ್ನ ನೆಗೆಣ್ಣಿಯ ಮನೆಯಲ್ಲಿ ಹವಳ ಅರಳುತ್ತಿತ್ತು, ಯಾದಗಿರಿಯ ನಮ್ಮ ಮನೆಯಲ್ಲಿ ಮುದುಡುತ್ತಿತ್ತು. ಎರಡೂ ಒಂದೇ ಡಬ್ಬಿಯಲ್ಲಿ ಬಂದವು. ಅವಳ ಗಂಡ, ಅಂದರೆ ನನ್ನ ಮೈದುನ, ಹೈದರಾಬಾದಿನಿಂದ ರೈಲಿನಲ್ಲಿ ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ತಂದದ್ದು. ಅಣ್ಣತಮ್ಮಂದಿರಿಬ್ಬರಿಗೂ ಉಪ್ಪುನೀರಿನ ಅಕ್ವೇರಿಯಂ ಹುಚ್ಚು. ನೀರು ಬದಲಿಸುವುದು, ಗಾಜು ಒರೆಸುವುದು ಮಾತ್ರ ನಮ್ಮಿಬ್ಬರ ಪಾಲು.

ಅದಕ್ಕೆ ಮಿದುಳು ಹವಳ ಅನ್ನುತ್ತಾರೆ. ಕೆಳಗೆ ಸುಣ್ಣದ ಎಲುಬು, ಮೇಲೆ ಮೆತ್ತನೆಯ ಮಾಂಸದ ಮಡಿಕೆ. ಆರೋಗ್ಯವಾಗಿದ್ದರೆ ನೀರು ಹೀರಿ ಪೂರಿಯಂತೆ ಉಬ್ಬುತ್ತದೆ. ನಮ್ಮದು ಕೆಂಪು, ಅವಳದು ಹಸಿರು. ಬಂದ ದಿನ ನಮ್ಮದೇ ಚೆಂದ ಎಂದು ಎಲ್ಲರೂ ಅಂದಿದ್ದರು.

ನಾನೇನು ಕಡಿಮೆ ಮಾಡಲಿಲ್ಲ. ಫಿಲ್ಟರ್ ನೀರಿಗೆ ಅಳತೆ ನೋಡಿ ಉಪ್ಪು ಕಲಸುತ್ತಿದ್ದೆ. ನಮ್ಮೂರ ಬಿಸಿಲಿಗೆ ನೀರು ಕಾಯಬಾರದೆಂದು ಟ್ಯಾಂಕಿಗೆ ಫ್ಯಾನು ತಿರುಗಿಸಿಟ್ಟು ನಾನು ಬೆವರುತ್ತ ರೊಟ್ಟಿ ಬಡಿಯುತ್ತಿದ್ದೆ. ಆದರೂ ಅಂಚಿನ ಮಾಂಸ ಹಿಂದೆ ಸರಿದು ಬಿಳಿ ಎಲುಬು ಕಾಣತೊಡಗಿತು. ಹಾಲು ಒಲೆಯ ಮೇಲಿಟ್ಟು ಮರೆಯುವ ನನ್ನ ನೆಗೆಣ್ಣಿ ಮನೆಯವರ ಗ್ರೂಪಿಗೆ ದಿನಾ ಫೋಟೊ ಹಾಕುತ್ತಿದ್ದಳು, ಇವತ್ತು ಎಷ್ಟು ಉಬ್ಬಿದೆ ನೋಡಿ ಎಂದು. ನಾನು ಒಂದು ಹೂವಿನ ಚಿತ್ರ ಒತ್ತಿ ಫೋನು ಬೋರಲು ಹಾಕುತ್ತಿದ್ದೆ.

ಹಲ್ಲಿನ ಡಾಕ್ಟರಿಗೆ ತೋರಿಸಲು ಯಾದಗಿರಿಗೆ ಬಂದವಳು ಟ್ಯಾಂಕಿನ ಮುಂದೆ ನಿಂತು ಲೊಚಗುಟ್ಟಿದಳು.

"ಅಕ್ಕಾ, ಹಿಂಗ ಬಿಟ್ರ ಸಾಯ್ತದ್ರಿ ಇದು. ನನಗ ಕೊಟ್ಟುಬಿಡ್ರಿ, ಬದುಕಿಸಿ ಕೊಡ್ತೀನಿ."

ನಮ್ಮ ಮನೆಯವರು ಕೂಡಲೇ ತಲೆಯಾಡಿಸಿದರು, ಜೀವ ಉಳಿದರೆ ಸಾಕಲ್ಲ ಎಂದರು. ಮುಂದಿನ ಸಲ ಬಂದಾಗ ಒಯ್ಯುವಿಯಂತೆ ಎಂದು ಹೇಳಿ ಕಳಿಸಿದೆ. ಅಲ್ಲಿಗೆ ಹೋದರೆ ಅದು ತಿರುಗಿ ಬರುವುದಿಲ್ಲ. ಬಂದರೂ ಅವಳು ಬದುಕಿಸಿದ ಹವಳವಾಗಿ ಬರುತ್ತದೆ. ಅದಕ್ಕಿಂತ ನನ್ನ ಕೈಯಲ್ಲೇ ಸಾಯಲಿ ಎಂದು ಒಂದು ಗಳಿಗೆ ಅನಿಸಿತು.

ಶೇಂಗಾ ಚಟ್ನಿ ಕೊಡುವ ನೆಪ ಮಾಡಿಕೊಂಡು ಶಹಾಪುರದ ಬಸ್ಸು ಹತ್ತಿದೆ. ಅವಳು ಚಹಾ ಮಾಡಲು ಒಳಗೆ ಹೋದಾಗ ಟ್ಯಾಂಕಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಅವಳ ಹವಳ ತಳದ ಮರಳಿನಲ್ಲಿ, ಕಲ್ಲಿನ ನೆರಳಿಗೆ ಬಿದ್ದುಕೊಂಡಿತ್ತು. ಅಂಥ ವಸ್ತುವನ್ನು ನೆಲಕ್ಕೆ ಹಾಕಿದ್ದಾಳಲ್ಲ ಎಂದು ಮೊದಲು ಸಿಟ್ಟೇ ಬಂತು. ನಮ್ಮಲ್ಲಿ ಬೆಲೆಯುಳ್ಳದ್ದನ್ನು ಬರಿನೆಲಕ್ಕೆ ಇಡುವುದಿಲ್ಲ. ಮಣೆಯೋ ತಾಟೋ ಏನಾದರೂ ಕೆಳಗೆ ಬೇಕು. ನಾನಂತೂ ಬಂದ ದಿನವೇ ನಮ್ಮದನ್ನು ಎಲ್ಲಕ್ಕಿಂತ ಎತ್ತರದ ಕಲ್ಲಿನ ಮೇಲೆ, ಲೈಟಿನ ಕೆಳಗೆ, ದೇವರನ್ನು ಜಗಲಿಯ ಮೇಲೆ ಕೂರಿಸಿದಂತೆ ಕೂರಿಸಿದ್ದೆ. ಪಂಪಿನ ನೀರೂ ನೇರ ಅಲ್ಲಿಗೇ ರಾಚುತ್ತಿತ್ತು.

ನೋಡುತ್ತ ನೋಡುತ್ತ ತಿಳಿಯಿತು. ಇವಳದು ಮರಳಿನ ಮೇಲೆ ಸುತ್ತಲೂ ಮಾಂಸ ಚಾಚಿ ಮಲಗಿತ್ತು, ಚುಚ್ಚುವುದು ಏನೂ ಇರಲಿಲ್ಲ. ನನ್ನದು ಉಬ್ಬಿದಾಗಲೆಲ್ಲ ಕಲ್ಲಿನ ಮೊನೆಗೆ ತಾಗಿ ಹರಿದುಕೊಂಡು ಒಳಗೆ ಸರಿಯುತ್ತಿತ್ತು.

ಚಹಾ ಕುಡಿದು, ಅವಳ ಹವಳದ ಬಗ್ಗೆ ಒಂದು ಮಾತೂ ಎತ್ತದೆ ಹೊರಟೆ. ಮನೆಗೆ ಬಂದವಳೇ ಕೈಯನ್ನು ಮೊಳಕೈವರೆಗೆ ನೀರಿಗಿಳಿಸಿ ನಮ್ಮದನ್ನು ಮೆಲ್ಲಗೆ ಮರಳಿಗೆ ಇಳಿಸಿದೆ. ಕೆಲವು ವಾರ ಅದು ಹಾಗೇ ಇತ್ತು. ಆಮೇಲೆ ಬಿಳಿ ಎಲುಬಿನ ಮೇಲೆ ಕೆಂಪು ತೊಗಲು ತೆಳ್ಳಗೆ ಹಬ್ಬತೊಡಗಿತು. ಒಂದು ಸಂಜೆ ಅಂಚಿನಿಂದ ಎಳೆಗಳು ಹೊರಬಂದು ನಾನು ಹಾಕಿದ ಆಹಾರದ ಕಾಳನ್ನು ಹಿಡಿದವು.

ನೆಗೆಣ್ಣಿ ಅದನ್ನು ಒಯ್ಯಲೆಂದು ಮುಚ್ಚಳದ ಬಕೆಟ್ಟನ್ನೇ ಹಿಡಿದುಕೊಂಡು ಬಂದಳು. ಟ್ಯಾಂಕು ನೋಡಿ ಬಕೆಟ್ಟು ಕೆಳಗಿಟ್ಟಳು. ಏನು ಮಾಡಿದಿರಿ ಎಂದು ಕೇಳಿದಳು. ಔಷಧ ಹಾಕಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಕೆಳಗ ಇಟ್ಟೆ," ಅಂದೆ. "ನಿನ್ ಮನ್ಯಾಗ ನೋಡಿ ಬಂದಿದ್ನಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ.

"ನಾ ಎಲ್ಲಿ ಇಟ್ಟೀನ್ರಿ ಅಕ್ಕಾ? ನಂದೂ ಮ್ಯಾಲೇ ಇತ್ತು. ಉರುಳಿ ಬಿತ್ತು. ಕೈ ತೊಯಿಸ್ಕೊಳ್ಳಾಕ ಬ್ಯಾಸರಾಗಿ ಹಂಗ ಬಿಟ್ಟೆ."

ಅವಳು ತಿಳಿದು ಮಾಡಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಊಟಕ್ಕೆ ಇದ್ದು ಹೋಗು ಎಂದು ಅವಳಿಗೆ ಹೇಳಿ, ಮುಖ ಕಾಣದಂತೆ ಅಡುಗೆಮನೆಗೆ ನಡೆದೆ.