ಗುಡಿಸದೆ ಬಿಟ್ಟ ಕಾಡು

ನಾನು ಕೊಲ್ಲಮೊಗ್ರಿನ ಕಾಡಿಗೆ ಗಾರ್ಡಾಗಿ ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಖಾಕಿ ಹೊಸತು, ಅದರ ಗತ್ತು ತಲೆಗೇರಿತ್ತು. ಕಾಡು ಉಳಿಸುವುದೆಂದರೆ ಜನರನ್ನು ಹೊರಗಿಡುವುದು ಎಂದು ತಿಳಿದಿದ್ದೆ.

ಮಕರ ತಿಂಗಳು ಬಂತೆಂದರೆ ಅಲ್ಲಿಯ ಹೆಂಗಸರು ಹಿಡಿಸೂಡಿ, ಹೆಡಿಗೆ ಹಿಡಿದು ಕಾಡು ಗುಡಿಸಲು ಬರುತ್ತಿದ್ದರು. ಅಂಗಳ ಗುಡಿಸಿದಷ್ಟೇ ಚೊಕ್ಕ. ತರಗೆಲೆ ದನದ ಹಟ್ಟಿಗೆ, ಒಣಗಿದ ಬಿದಿರು ಒಲೆಗೆ. ನಾನು ಅದನ್ನು ನಿಲ್ಲಿಸಿದೆ. ಕಾಡಂಚಿನಲ್ಲಿ ಒಂದು ದನ ಕಟ್ಟಿಕೊಂಡು ಒಬ್ಬರೇ ಇದ್ದ ಹೆಂಗಸಿನ ಹೆಡಿಗೆಯನ್ನು ಕೈಯಿಂದಲೇ ಕಿತ್ತುಕೊಂಡೆ. ಅವರು ನನ್ನ ಅಮ್ಮನ ಪ್ರಾಯದವರು.

“ನೀವು ಬಿಡುದಿಲ್ಲ ಅಂದ್ರೆ ಈ ಎಲೆಯೆಲ್ಲ ಎಲ್ಲಿಗೆ ಹೋಗುದು ಮಾರಾಯ್ರೆ?”

“ಅಲ್ಲೇ ಕೊಳೀತದೆ ಅಕ್ಕ. ಕಾಡಿಗೇ ಗೊಬ್ಬರ.”

“ಕೊಳೀಲಿಕ್ಕೆ ಮಳೆ ಬರ್ಬೇಕಲ್ಲ. ಅಷ್ಟರವರೆಗೆ ಬೆಂಕಿಗೆ ಎಂತ ಹೇಳುದು? ನಾಳೆ ಬಾ ಅಂತಲಾ?”

ಜೊತೆಯವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಮರುದಿನದಿಂದ ಇನ್ನಷ್ಟು ಬಿಗಿ ಮಾಡಿದೆ.

ಮೂರನೆಯ ವರ್ಷ ಬಿದಿರು ಹೂಬಿಟ್ಟಿತು. ಹೂಬಿಟ್ಟ ಬಿದಿರು ಬದುಕುವುದಿಲ್ಲ. ಮೆಳೆಗೆ ಮೆಳೆಯೇ ಒಣಗಿ ನಿಂತಿತು. ಕಡಿದು ಒಯ್ಯುವವರನ್ನು ನಾನೇ ಓಡಿಸಿದ್ದೆ. ಬುಡದಲ್ಲಿ ಕಾಲು ಹುಗಿಯುವಷ್ಟು ಎಲೆ. ಅದರ ಮೇಲೆ ಸರಬರ ನಡೆಯುವಾಗ ನನಗೆ ಹೆಮ್ಮೆಯೇ ಆಗುತ್ತಿತ್ತು, ಬೇರೆಯವರ ಕಾಲ್ದಾರಿ ಒಂದೂ ಉಳಿದಿರಲಿಲ್ಲ ನೋಡಿ.

ಬೆಂಕಿ ಬಿದ್ದದ್ದು ಮಾರ್ಚಿನ ಒಂದು ಮಧ್ಯಾಹ್ನ. ಹಿಂದೆಯೂ ಬೀಳುತ್ತಿತ್ತಂತೆ, ಪಾದದೆತ್ತರದ ಬೆಂಕಿ, ಹಸಿ ಸೊಪ್ಪಿನಲ್ಲಿ ನಾಲ್ಕು ಬಡಿದರೆ ಆರುವಂಥದ್ದು. ಇದು ಎಲೆಯಿಂದ ಬಿದಿರಿಗೆ, ಬಿದಿರಿನಿಂದ ಮರದ ತುದಿಗೆ ಏಣಿ ಹತ್ತಿದ ಹಾಗೆ ಹತ್ತಿತು. ಬಿದಿರಿನ ಗೆಣ್ಣುಗಳು ಜಾತ್ರೆಯಲ್ಲಿ ಹೊಡೆಯುವ ಕದಿನದಂತೆ ಸಿಡಿಯುತ್ತಿದ್ದವು. ನಾವು ಸೊಪ್ಪು ಹಿಡಿದು ಹಿಂದೆ ಹಿಂದೆ ಸರಿದದ್ದೇ ಬಂತು.

ಕಿಡಿ ಹಾರಿ ಕಾಡಂಚಿನ ಆ ಅಕ್ಕನ ಮುಳಿಹುಲ್ಲು ಹೊದಿಸಿದ ಹಟ್ಟಿಗೆ ಬಿತ್ತು. ಒಳಗೆ ಗಬ್ಬದ ದನ. ಹಗ್ಗ ಬಿಚ್ಚಲು ಒಳಗೆ ಓಡಿದ ಅವರನ್ನು ನಾನೇ ಹೊರಗೆ ಎಳೆದೆ. ದನ ಒಳಗೇ ಉಳಿಯಿತು. ಆ ಕೂಗು ಇಲ್ಲಿ ಬರೆಯಲಾರೆ.

ವರದಿಗೆ ಕಾರಣ ಬೇಕಿತ್ತು. ಬೆಂಕಿ ಹೇಗೆ ಹುಟ್ಟಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೇಗೆ ಬೆಳೆಯಿತೆಂದು ಅವತ್ತೇ ಗೊತ್ತಿತ್ತು. ಆದರೂ ತರಗೆಲೆಗೆ ಕದ್ದು ಬಂದವರ ಬೀಡಿಯಿಂದ ಎಂದು ಬರೆದೆ. ಹೇಡಿತನ, ಬೇರೆ ಹೆಸರಿಲ್ಲ ಅದಕ್ಕೆ. ಊರಿನವರೊಬ್ಬರ ಸಾಕ್ಷಿ ಬೇಕಿತ್ತು; ನಷ್ಟವಾದದ್ದು ಆ ಅಕ್ಕನಿಗೇ ಆದ್ದರಿಂದ ಕಾಗದ ಹಿಡಿದು ಅವರಲ್ಲಿಗೇ ಹೋದೆ.

“ಎಂತ ಬರ್ದದ್ದು?” ಎಂದರು.

“ಬೆಂಕಿ ಬಿದ್ದದ್ದನ್ನು, ಅಕ್ಕ.”

“ನೀವು ಬರ್ದದ್ದಲ್ವಾ? ಸರಿಯೇ ಇರ್ಬೇಕು.”

ಬಲಗೈಯ ಹೆಬ್ಬೆರಳು ಸುಟ್ಟು ಬೊಕ್ಕೆ ಎದ್ದಿತ್ತು. ಅವರು ಎಡಗೈ ಚಾಚಿದರು. ನಾನು ಶಾಯಿ ಹಚ್ಚಿ ಒತ್ತಿಸಿಕೊಂಡೆ.